ಕಿವಿಗೆ ಹಾಕಿಕೊಂಡವರು

ಫೆಬ್ರವರಿ 11

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಯಾರಾದರೊಬ್ಬರು ಮೇಜಿನ ಮುಂದೆ ಬಂದು ಹಲ್ಲು ಕಿರಿಯುತ್ತ ನಿಲ್ಲುತ್ತಾರೆ. ಅಂತರರಾಷ್ಟ್ರೀಯ ಯುವಜನ ಉತ್ಸವಕ್ಕೆ ನಮ್ಮ ಯುವ ಒಕ್ಕೂಟದಿಂದ ಒಂದು ನಿಯೋಗ ಹೋಗಬೇಕು. ಬೇರೆಬೇರೆ ದೇಶಗಳ ಯುವಕರು ಒಂದೆಡೆ ಸೇರಿ ಶಾಂತಿ, ಸಮಾನತೆ, ದುಡಿಯುವವರ ಹಕ್ಕು ಎಂದೆಲ್ಲ ಮಾತಾಡುವ ಜಾಗ ಅದು. ಕೇಂದ್ರ ಕಚೇರಿಯಲ್ಲಿ ಪರಭಾಷೆ ಬಲ್ಲವಳು ನಾನೊಬ್ಬಳೇ ಆದ್ದರಿಂದ ಏರ್ಪಾಡೆಲ್ಲ ನನ್ನ ತಲೆಗೇ ಬಂತು. ಮೊದಲು ನನಗೂ ಹುಮ್ಮಸ್ಸಿತ್ತು, ಇಲ್ಲವೆನ್ನುವುದಿಲ್ಲ. ಈಗ ಕಚೇರಿಯ ಮೆಟ್ಟಿಲು ಹತ್ತಲೂ ಅಸಹ್ಯವಾಗುತ್ತದೆ.

ನಮ್ಮ ಅಧ್ಯಕ್ಷರಿಗೆ ಹೋದ ವಾರ ಮೊಮ್ಮಗ ಹುಟ್ಟಿದ. ಕಚೇರಿಯವರಿಗೆಲ್ಲ ಸಿಹಿ ಹಂಚಿ, ಬೆರಳು ಒರೆಸಿಕೊಂಡು, "ನಾವು ಯುವಕರು" ಎಂದು ಶುರುವಾಗುವ ಹೇಳಿಕೆಗೆ ಸಹಿ ಹಾಕಿದರು. ಅವರ ತಂಗಿಯ ಮಗ ನಿಯೋಗದ ಉಪನಾಯಕ. ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದು ಪಾಸ್‌ಪೋರ್ಟಿಗೆ ಫೋಟೋ ಕೊಟ್ಟ. ಇನ್ನೊಬ್ಬ ಕಟ್ಟಡದ ಗುತ್ತಿಗೆದಾರ. ಉತ್ಸವದ ವಿಷಯವೇನೆಂದು ಅವನು ಇದುವರೆಗೂ ಕೇಳಿಲ್ಲ. "ಮೇಡಂ, ಆ ಊರಲ್ಲಿ ವಾಚು ಅಗ್ಗವಂತೆ, ಹೌದಾ?" ಎಂದಷ್ಟೇ ಕೇಳಿದ.

ಇವರ ನಡುವೆ ನಿಜವಾಗಿ ಕೈಯಾರೆ ದುಡಿಯುವವರು ಒಬ್ಬರಾದರೂ ಇರಲಿ ಎಂದು ಹಠ ಹಿಡಿದೆ. ನೂಲಿನ ಮಿಲ್ಲಿನ ಆ ಹುಡುಗಿಯ ವಿಷಯ ನೀನು ಬರೆದಿದ್ದೆಯಲ್ಲ, ಬೆರಳು ಕಳೆದುಕೊಂಡವಳು, ಅವಳ ಕಥೆ ಹೇಳಿದೆ. ಅಧ್ಯಕ್ಷರು ತಕ್ಷಣ ಒಪ್ಪಿಬಿಟ್ಟರು. ಇಷ್ಟು ಬೇಗ ಒಪ್ಪುತ್ತಾರೆಂದು ನಾನೂ ಎಣಿಸಿರಲಿಲ್ಲ. ನೀನು ಅಲ್ಲಿನ ಶಾಖೆಯ ಕಾರ್ಯದರ್ಶಿ, ಅವಳನ್ನು ಕೇಳಿ ಒಪ್ಪಿಸು.

ಅಮ್ಮನ ಮಂಡಿನೋವು ಹೇಗಿದೆ?

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕಾ,

ನಿನ್ನ ಕಾಗದ ಓದಿ ಅಮ್ಮ ನಕ್ಕಿದ್ದೇ ನಕ್ಕಿದ್ದು. "ಮೊಮ್ಮಗ ಇರೋನು ಯುವಕನಾದ್ರೆ ನಾನಿನ್ನೂ ಲಂಗದ ಹುಡುಗಿ" ಎಂದಳು. ಮಂಡಿನೋವು ಹಾಗೇ ಇದೆ.

ಆ ಹುಡುಗಿಯನ್ನು ಇಲ್ಲಿ ಎಲ್ಲರೂ ಮೆಣಸು ಎಂದೇ ಕರೆಯುತ್ತಾರೆ. ಮಿಲ್ಲಿನ ಹೆಂಗಸರು ಇಟ್ಟ ಹೆಸರು. ಆಳು ಪುಟ್ಟದು, ಮಾತು ಖಾರ. ಮೊನ್ನೆ ನಾನೊಂದು ಔಷಧಿ ಅಂಗಡಿಯ ಬೋರ್ಡು ಬರೆಯುತ್ತ ಏಣಿಯ ಮೇಲಿದ್ದೆ. ಅವಳು ಪಾಳಿ ಮುಗಿಸಿ ಅದೇ ದಾರಿಯಲ್ಲಿ ಬಂದಳು, ತಲೆಯ ತುಂಬ ಹತ್ತಿಯ ಧೂಳು. ಕುಂಚ ಹಿಡಿದುಕೊಂಡೇ ಕೆಳಗಿಳಿದು ವಿಷಯ ಹೇಳಿದೆ.

"ಅಷ್ಟು ದೂರ ಹೋಗಿ ಈ ಕೈ ತೋರಿಸ್ಬೇಕಾ ಅಣ್ಣ?" ಎಂದಳು.

"ಛೆ, ಕೈ ಯಾಕೆ ತೋರಿಸ್ಬೇಕು? ಮಾತಾಡಿದ್ರೆ ಸಾಕು."

"ಏನಂತ?"

"ನಡೆದದ್ದು ಹೇಳು."

"ಮಿಲ್ಲಿನ ಹೆಸರು ಹೇಳ್ಬಹುದಾ? ಧಣಿ ಹೆಸರು? ಮಷೀನಿನ ಮುಚ್ಚಳ ಯಾಕೆ ಬಿಚ್ಚಿಸಿದ್ರು ಅನ್ನೋದು?"

"ಅದನ್ನೇ ಹೇಳು. ಅದಕ್ಕೇ ಕರೀತಿರೋದು."

ಮುಚ್ಚಳದ ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಹತ್ತಿ ಹಿಂಜುವ ಯಂತ್ರಕ್ಕೆ ಮೊದಲು ತಗಡಿನ ಮುಚ್ಚಳವಿತ್ತು. ಹತ್ತಿ ಸಿಕ್ಕಿಕೊಂಡಾಗ ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆದು ಬಿಡಿಸಬೇಕು. ಅಷ್ಟು ಹೊತ್ತು ಕೆಲಸ ನಿಲ್ಲುತ್ತದೆಂದು ಧಣಿ ಎಲ್ಲ ಮುಚ್ಚಳಗಳನ್ನೂ ಬಿಚ್ಚಿಸಿಬಿಟ್ಟ. ಓಡುವ ಯಂತ್ರಕ್ಕೇ ಕೈ ಹಾಕಿ ಬಿಡಿಸಬೇಕು. ಮೆಣಸಿನದು ಎರಡು ಬೆರಳು ಹೋಯಿತು. ಅವಳ ಪಕ್ಕದ ಯಂತ್ರದ ವಿಧವೆ ಹೆಂಗಸಿಗೆ ಮುಂಗೈಯೇ ಹೋಯಿತು.

ಅವಳು ಎರಡು ದಿನ ಯೋಚಿಸಿ ಒಪ್ಪಿದಳು. "ನನ್ನ ಮಾತು ನಾನೇ ಆಡ್ತೀನಿ, ಯಾರೂ ಬರೆದುಕೊಡೋದು ಬೇಡ" ಎಂದಳು. ನಿನ್ನ ಪರವಾಗಿ ನಾನು ಮಾತು ಕೊಟ್ಟಿದ್ದೇನೆ.

ನಿನ್ನ ತಮ್ಮ


ಮಾರ್ಚ್ 6

ತಮ್ಮನಿಗೆ,

ಮೆಣಸು ಕ್ಷೇಮವಾಗಿ ಬಂದು ಸೇರಿದ್ದಾಳೆ. ತರಬೇತಿ ಶಿಬಿರ ಮುಗಿಯುವವರೆಗೂ ನನ್ನ ಕೋಣೆಯಲ್ಲೇ ಇರುತ್ತಾಳೆ. ಬಂದ ದಿನವೇ ನನ್ನ ಸ್ಟವ್‌ನ ಬತ್ತಿ ಸರಿಮಾಡಿ, "ಇಷ್ಟು ದಿನ ಹೊಗೆ ಕುಡ್ಕೊಂಡು ಹೇಗಿದ್ರಿ?" ಎಂದು ನನ್ನನ್ನೇ ಬೈದಳು.

ಶಿಬಿರ ಎಂದರೆ ಏನೆಂದುಕೊಂಡೆ? ಮೂರು ದಿನ ಕೋಟಿನ ಬಣ್ಣದ ಬಗ್ಗೆ ಜಗಳ. ಉಪನಾಯಕನಿಗೆ ಕಡುನೀಲಿ ಬೇಕು, ಗುತ್ತಿಗೆದಾರನಿಗೆ ಕಂದು. ಮೆರವಣಿಗೆಯಲ್ಲಿ ಬಾವುಟ ಯಾರು ಹಿಡಿಯಬೇಕೆಂಬ ವಿಷಯಕ್ಕೆ ಇಬ್ಬರೂ ಕೈಕೈ ಮಿಲಾಯಿಸುವ ಹಂತಕ್ಕೆ ಹೋದರು. ಬಡತನದ ಮೇಲೆ ಚರ್ಚೆ ಇದ್ದ ಹೊತ್ತಿನಲ್ಲಿ ದರ್ಜಿ ಅಳತೆ ತೆಗೆಯಲು ಬಂದ. ಚರ್ಚೆ ಅಲ್ಲಿಗೇ ಮುಗಿಯಿತು. ಎಲ್ಲರೂ ಕೈ ಅಗಲಿಸಿಕೊಂಡು ಸಾಲಾಗಿ ನಿಂತರು. ಮೆಣಸು ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅಧ್ಯಕ್ಷರು ಅವಳನ್ನು ಕರೆಸಿ ಮಾತಾಡಿಸಿದರು. ಮುಖವನ್ನು ಒಮ್ಮೆ ನೋಡಿದರು, ಆಮೇಲೆಲ್ಲ ಕೈಯನ್ನೇ ನೋಡುತ್ತಿದ್ದರು. ಈಗ ಅವರು ಬಹಳ ಖುಷಿಯಲ್ಲಿದ್ದಾರೆ. ಕಿರಿಮಗಳ ಮದುವೆ ದೊಡ್ಡ ಮನೆತನದಲ್ಲಿ ಗೊತ್ತಾಗಿದೆ.

ಅವಳ ಭಾಷಣವನ್ನು ಪ್ರಚಾರ ಕಾರ್ಯದರ್ಶಿ ಸ್ವಲ್ಪ ತಿದ್ದುತ್ತಿದ್ದಾನೆ. ಸಣ್ಣಪುಟ್ಟದ್ದು, ನೀನು ತಲೆ ಕೆಡಿಸಿಕೊಳ್ಳಬೇಡ. ಅಲ್ಲಿ ಅವಳು ನಮ್ಮ ಭಾಷೆಯಲ್ಲೇ ಮಾತಾಡುತ್ತಾಳೆ. ನಾನು ಗಾಜಿನ ಗೂಡಿನಲ್ಲಿ ಕೂತು ಅದನ್ನು ಅವರ ಭಾಷೆಗೆ ಹೇಳುತ್ತ ಹೋಗುತ್ತೇನೆ. ಸಭೆಯವರು ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಕೇಳಿಸಿಕೊಳ್ಳುತ್ತಾರೆ.

ಅಕ್ಕ


ಮಾರ್ಚ್ 14

ಅಕ್ಕಾ,

ನೀನೇ ಅನುವಾದ ಮಾಡುತ್ತೀ ಎಂದ ಮೇಲೆ ನನಗೇನೂ ಚಿಂತೆಯಿಲ್ಲ. ಅವಳ ಗಂಟಲು ನಡುಗಿದರೂ ನಿನ್ನ ಗಂಟಲು ನಡುಗುವುದಿಲ್ಲ. ಶಾಲೆಯಲ್ಲಿ ಹೆಡ್ಮಾಸ್ತರ ಎದುರು ನಿಂತು ನನ್ನ ಪರವಾಗಿ ಜಗಳವಾಡಿದವಳು ನೀನು.

ಒಂದು ವಿಷಯ ಅವಳಿಗೆ ಹೇಳಬೇಡ. ರಜೆ ಇಲ್ಲದೆ ಹೋದಳೆಂದು ಮಿಲ್ಲಿನವರು ಅವಳನ್ನು ಕೆಲಸದಿಂದ ತೆಗೆದಿದ್ದಾರೆ. ಗೇಟಿನ ಮೇಲೆ ನೋಟೀಸು ಅಂಟಿಸಿದ್ದಾರೆ. ಅವಳ ತಂದೆ ನಮ್ಮ ಮನೆಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ, ಸುಮ್ಮನೆ ನಿಂತಿದ್ದು ಹೋದರು. ಅವರು ಬೈದಿದ್ದರೆ ವಾಸಿಯಿತ್ತು. ಮೊದಲು ಅವಳಿಗೆ ಹೋಗುವ ಮನಸ್ಸಿರಲಿಲ್ಲ ಅಕ್ಕಾ, ಹಿಂದೆ ಬಿದ್ದು ಒಪ್ಪಿಸಿದವನು ನಾನು. ಅಲ್ಲಿ ಅವಳು ಮಾತಾಡಿಬಿಟ್ಟರೆ ಸಾಕು. ಹೊರದೇಶದವರ ಕಣ್ಣು ಬಿದ್ದಮೇಲೆ ಧಣಿ ತಾನಾಗಿ ದಾರಿಗೆ ಬರುತ್ತಾನೆ.

ತಮ್ಮ


ಉತ್ಸವದ ಊರು, ಮಾರ್ಚ್ 30

ತಮ್ಮನಿಗೆ,

ಇಲ್ಲಿ ಬಾವುಟ, ಬಲೂನು, ಬ್ಯಾಂಡು. ದೊಡ್ಡ ಮೈದಾನದಲ್ಲಿ ಎಲ್ಲರೂ ಎಲ್ಲರನ್ನೂ ಅಪ್ಪಿಕೊಳ್ಳುತ್ತಾರೆ, ಹೆಸರು ಕೇಳುವುದಿಲ್ಲ. ಒಂದು ನಿಯೋಗದವರು ಹಸಿವಿನ ಬಗ್ಗೆ ನಾಟಕ ಆಡಿದರು. ಆಮೇಲೆ ಊಟದ ಮನೆಯಲ್ಲಿ ಮುಟ್ಟದೆ ಬಿಟ್ಟ ತಟ್ಟೆಗಳ ರಾಶಿ ಎತ್ತುತ್ತಿದ್ದ ಹೆಂಗಸರ ಬೆನ್ನು ನೆಟ್ಟಗಾಗಲೇ ಇಲ್ಲ. ನಮ್ಮ ಗುತ್ತಿಗೆದಾರ ಸಭೆಗೆ ಬಂದೇ ಇಲ್ಲ. ಎರಡೂ ಕೈಗೆ ವಾಚು ಕಟ್ಟಿಕೊಂಡು ತಿರುಗುತ್ತಾನೆ. ಉಪನಾಯಕ ಕುಡಿದು ಹೋಟೆಲಿನ ಲಿಫ್ಟಿನಲ್ಲಿ ವಾಂತಿ ಮಾಡಿದ. ಒರೆಸಿದ್ದು ಮೆಣಸು.

ಅವಳ ಭಾಷಣ ನಿನ್ನೆ ಆಯಿತು. ಚೆನ್ನಾಗಿ ಮಾತಾಡಿದಳು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ತಲೆನೋವಿದೆ, ಹೆಚ್ಚು ಬರೆಯಲಾರೆ.

ಅಕ್ಕ


ಏಪ್ರಿಲ್ 12

ಅಕ್ಕಾ,

ಸಭೆಯೆಲ್ಲ ಎದ್ದು ನಿಂತಿತು ಎಂಬ ನಿನ್ನ ಸಾಲನ್ನು ಮಿಲ್ಲಿನ ಹೆಂಗಸರಿಗೆ ಎಷ್ಟು ಸಲ ಓದಿ ಹೇಳಿದೆನೋ ಲೆಕ್ಕವಿಲ್ಲ. ಮುಂಗೈ ಕಳೆದುಕೊಂಡ ಆ ಹೆಂಗಸು, "ನನ್ನ ವಿಷಯಾನೂ ಹೇಳಿದ್ಲಂತಾ?" ಎಂದು ಕೇಳಿದರು. "ಹೇಳದೆ ಇರ್ತಾಳಾ?" ಎಂದೆ.

ಮೆಣಸು ಬಂದಾಗಿನಿಂದ ಹೆಚ್ಚು ಮಾತಾಡುತ್ತಿಲ್ಲ. ಪ್ರಯಾಣದ ಆಯಾಸವಿರಬೇಕು. ಕೆಲಸ ಹೋದ ವಿಷಯ ನಾನೇ ಹೇಳಿದೆ. "ಹೋಗುತ್ತೆ ಅಂತ ಗೊತ್ತಿತ್ತು ಬಿಡಿ ಅಣ್ಣ" ಎಂದಳು.

ಈಗ ದೊಡ್ಡ ಸುದ್ದಿ. ಹೋದ ಸೋಮವಾರ ಹಿಂಜುವ ವಿಭಾಗದ ಹೆಂಗಸರೆಲ್ಲ ಒಟ್ಟಾಗಿ ಮ್ಯಾನೇಜರ ಕೋಣೆಗೆ ಹೋಗಿ, ಮುಚ್ಚಳ ಹಾಕಿಸದೆ ಯಂತ್ರ ಮುಟ್ಟುವುದಿಲ್ಲ, ಮೆಣಸನ್ನು ವಾಪಸು ತೆಗೆದುಕೊಳ್ಳಬೇಕು ಎಂದರು. ಇಷ್ಟು ವರ್ಷದಲ್ಲಿ ಇದೇ ಮೊದಲು. "ಪ್ರಪಂಚಕ್ಕೇ ಗೊತ್ತಾಗಿದೆ, ಇನ್ನೇನು ಹೆದರಿಕೆ" ಎಂಬುದು ಅವರ ಧೈರ್ಯ. ಮಾರನೆಯ ದಿನ ಧಣಿ ಮಿಲ್ಲಿಗೇ ಬೀಗ ಹಾಕಿಸಿದ. ಈಗ ಎಲ್ಲರೂ ಗೇಟಿನ ಮುಂದೆ ಕೂತಿದ್ದೇವೆ.

ನಿನ್ನಿಂದ ಒಂದೇ ಕೆಲಸ ಆಗಬೇಕು. ಅಲ್ಲಿ ಚಪ್ಪಾಳೆ ತಟ್ಟಿದ ನಿಯೋಗಗಳಿಂದ ನಾಲ್ಕು ಸಾಲಿನ ಬೆಂಬಲದ ಪತ್ರ ತರಿಸು. ಒಕ್ಕೂಟದಿಂದಲೂ ಒಂದು ಹೇಳಿಕೆ ಬರಲಿ. ಬೇಗ.

ತಮ್ಮ


ಏಪ್ರಿಲ್ 25

ಅಕ್ಕಾ,

ಉತ್ತರವಿಲ್ಲ. ಕಾಗದ ತಲುಪಿಲ್ಲವೋ, ಮೈ ಹುಷಾರಿಲ್ಲವೋ? ಗೇಟಿನ ಮುಂದೆ ಕೂತವರು ದಿನಾ ಸಂಜೆ ನನ್ನ ಮುಖ ನೋಡುತ್ತಾರೆ. ಇಬ್ಬರ ಮನೆಯಲ್ಲಿ ಒಲೆ ಹೊತ್ತಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎಷ್ಟು ದಿನ ಹೇಳಲಿ?

ತಮ್ಮ


ಮೇ 3

ತಮ್ಮನಿಗೆ,

ನಿನ್ನ ಎರಡೂ ಕಾಗದ ತಲುಪಿವೆ. ಮೈಯೂ ಹುಷಾರಾಗಿಯೇ ಇದೆ.

ಬೆಂಬಲದ ಪತ್ರಗಳು ಬರುವುದಿಲ್ಲ. ಮೆಣಸು ಹೇಳಿದ್ದು ಆ ಸಭೆಯಲ್ಲಿ ಒಬ್ಬರಿಗೂ ಕೇಳಿಸಿಲ್ಲ. ಕೇಳದ ಹಾಗೆ ಮಾಡಿದವಳು ನಾನು.

ಅಧ್ಯಕ್ಷರ ಮಗಳು ಸೊಸೆಯಾಗಿ ಹೋಗುವುದು ನಿಮ್ಮ ಮಿಲ್ಲಿನ ಧಣಿಯ ಮನೆಗೆ. ಶಿಬಿರದ ಮಧ್ಯದಲ್ಲಿ ಇದು ನನಗೆ ತಿಳಿಯಿತು. ಮೊದಲು ಅವರಿಗೆ ಬೇಕಿದ್ದದ್ದು ಅವಳ ಕೈ ಮಾತ್ರ. "ಆ ಕೈ ಒಂದು ಸಾಕು, ಇಡೀ ಸಭೆ ಅಳುತ್ತೆ" ಎಂದು ಮೊದಲ ದಿನವೇ ಅಂದಿದ್ದರು. ಅದನ್ನು ನಿನಗೆ ಬರೆಯಲಿಲ್ಲ. ಬೀಗರಾಗುವುದು ಗೊತ್ತಾದ ಮೇಲೆ ಪ್ರಚಾರ ಕಾರ್ಯದರ್ಶಿ ಹೊಸ ಭಾಷಣ ಬರೆದ. ಅದರಲ್ಲಿ ಧಣಿಯೂ ಇಲ್ಲ, ಮುಚ್ಚಳವೂ ಇಲ್ಲ. ಯಾವುದೋ ಹೊರದೇಶದ ಕಂಪನಿ ಕಳಿಸಿದ ಹಾಳು ಯಂತ್ರದಿಂದ ಬೆರಳು ಹೋಯಿತಂತೆ. ಅಧ್ಯಕ್ಷರು ಆಸ್ಪತ್ರೆಗೆ ಓಡಿ ಬಂದು ಅವಳ ತಲೆ ಸವರಿದರಂತೆ. ಓದಿದಾಗ ನನಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಮೆಣಸು ಹಾಳೆಯನ್ನು ಮಡಿಸಿ ಅವನ ಕೈಗೇ ಕೊಟ್ಟು, "ಇದು ನಿಮ್ಮ ಕಥೆ, ನೀವೇ ಹೇಳ್ಕೊಳ್ಳಿ" ಎಂದಳು. ಅವನು ನಕ್ಕ. ಆ ನಗುವಿನ ಅರ್ಥ ನನಗೆ ಉತ್ಸವದಲ್ಲಿ ಗೊತ್ತಾಯಿತು.

ಗಾಜಿನ ಗೂಡಿನಲ್ಲಿ ನನ್ನ ಮುಂದೆ ಆ ಹಾಳೆಗಳನ್ನು ತಂದಿಟ್ಟ. "ಅವಳು ಏನಾದ್ರೂ ಹೇಳ್ಲಿ, ನೀವು ಇದನ್ನ ಓದಿ. ಇಲ್ಲಾಂದ್ರೆ ಊರಿಗೆ ಹೋದ್ಮೇಲೆ ಕಚೇರಿ ಕಡೆ ಬರೋದು ಬೇಡ" ಎಂದು ಬೆನ್ನ ಹಿಂದೆಯೇ ನಿಂತ. ಅವಳು ವೇದಿಕೆಯ ಮೇಲೆ ಮಿಲ್ಲಿನ ಹೆಸರು ಹೇಳಿದಳು, ಧಣಿಯ ಹೆಸರು ಹೇಳಿದಳು, ಮುಂಗೈ ಹೋದ ಆ ಹೆಂಗಸಿನ ಹೆಸರನ್ನೂ ಹೇಳಿದಳು. ನಾನು ಹಾಳೆ ಓದಿದೆ. ಗಂಟಲು ನಡುಗಲಿಲ್ಲ, ನೀನು ಬರೆದಿದ್ದೆಯಲ್ಲ, ಹಾಗೆಯೇ. ಸಭೆ ಕಣ್ಣೊರೆಸಿಕೊಂಡಿತು. ಇಳಿದು ಬಂದ ಅವಳನ್ನು ಸುತ್ತುಗಟ್ಟಿ ಕೈ ಎತ್ತಿಸಿ ಫೋಟೋ ತೆಗೆದರು.

ಆಮೇಲೆ ಬಚ್ಚಲಿಗೆ ಹೋಗಿ ಬಾಯಿ ತೊಳೆದೆ, ಮತ್ತೆ ಮತ್ತೆ ತೊಳೆದೆ. ಅವರ ಮೇಲಿದ್ದ ಅಸಹ್ಯವೆಲ್ಲ ಈಗ ನನ್ನ ಮೇಲೇ ತಿರುಗಿದೆ. ಸುಳ್ಳು ಬರೆದವನೊಬ್ಬ, ಬರೆಸಿದವರೊಬ್ಬರು. ಅದಕ್ಕೆ ಬಾಯಿ ಕೊಟ್ಟವಳು ನಾನು. ಅವಳಿಗೆ ಇದು ತಿಳಿಯದು. ಹೇಗೆ ಹೇಳಬೇಕೋ ನೀನೇ ಹೇಳು.

ಅಕ್ಕ


ಮೇ 16

ಅಕ್ಕಾ,

ನಿನ್ನ ಕಾಗದ ಬಂದು ಒಂದು ವಾರ ನಾನು ಗೇಟಿನ ಕಡೆಗೇ ಹೋಗಲಿಲ್ಲ. ಏನಾಯಿತೆಂದು ಅಮ್ಮ ಕೇಳಿದಳು. ಹೇಳಲಿಲ್ಲ. ನಿನ್ನ ಹೆಸರೆತ್ತಿದರೆ ಅನ್ನದ ತಟ್ಟೆ ದೂಡಿ ಏಳುವಷ್ಟು ಹೇಸಿಗೆಯಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟು ಬರೆದದ್ದು ನಮ್ಮಿಬ್ಬರಿಗೂ ಸಾಕು.

ಕೊನೆಗೆ ಮೆಣಸಿನ ಮನೆಗೆ ಹೋದೆ. ಅವಳು ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನಂಗೆ ಅಲ್ಲೇ ಗೊತ್ತಾಯ್ತು ಅಣ್ಣ" ಎಂದಳು.

"ಹೇಗೆ? ಆ ಭಾಷೆ ನಿನಗೆಲ್ಲಿ ಬರುತ್ತೆ?"

"ನಾನು ಕೈನ ಕೋಟಿನ ಜೇಬಲ್ಲಿ ಇಟ್ಕೊಂಡಿದ್ದೆ. ಮುಚ್ಚಳದ ವಿಷಯ ಹೇಳ್ತಿದ್ದಾಗ ಎಲ್ಲಾರೂ ಒಟ್ಟಿಗೆ ಕತ್ತು ಉದ್ದ ಮಾಡಿ ನನ್ನ ಜೇಬು ನೋಡಿದ್ರು. ಯಾರೋ ಅವರ ಕಿವೀಲಿ ಕೈ ನೋಡಿ ಅಂದಂಗೆ. ಅನುಮಾನ ಬಂತು. ಮಾತು ನಿಲ್ಲಿಸಿದೆ. ನೀರು ಕುಡಿದೆ. ಸುಮ್ನೆ ನಿಂತೆ. ಅವರು ತಲೆ ಆಡಿಸ್ತಾನೇ ಇದ್ರು. ಒಬ್ಬಳು ಅಳ್ತಾನೇ ಇದ್ಲು. ನಾನು ಬಾಯಿ ಮುಚ್ಚಿದ್ರೂ ನನ್ನ ಭಾಷಣ ನಡೀತಾನೇ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬಂದ ತಕ್ಷಣ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಎಲ್ಲಾರಿಗೂ ಓದಿ ಹೇಳಿ ಆಗಿತ್ತು. ಮಿಲ್ಲಿನ ಹೆಂಗಸ್ರೆಲ್ಲ ಎದ್ದು ನಿಂತಾಗಿತ್ತು. ಸುಳ್ಳೋ ನಿಜವೋ, ಎದ್ದವರನ್ನ ಕೂರಿಸೋಕೆ ಮನಸ್ಸಾಗ್ಲಿಲ್ಲ."

ಆದರೆ ಆ ಸಂಜೆಯೇ ಅವಳು ಗೇಟಿನ ಹತ್ತಿರ ಹೋಗಿ, ಒಂದು ಕಲ್ಲಿನ ಮೇಲೆ ಹತ್ತಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಯಾರೂ ನಮ್ಮ ವಿಷಯ ಕೇಳಿಲ್ಲ. ಯಾರೂ ಬರಲ್ಲ. ಮನೆಗೆ ಹೋಗೋರು ಹೋಗಿ, ನಾನೇನೂ ಅನ್ಕೊಳಲ್ಲ." ಮುಂಗೈ ಹೋದ ಆ ಹೆಂಗಸು, "ಬರದಿದ್ರೆ ಅವರ ಹಣೇಬರಹ. ನೀನು ಕೆಳಗಿಳಿ, ಬಿದ್ದೀಯ" ಎಂದರು. ಒಬ್ಬರೂ ಎದ್ದು ಹೋಗಲಿಲ್ಲ.

ನಿನ್ನನ್ನು ಬೈಯಲು ಅವಳಿಗೆ ಹೇಳಿದೆ. ಬೈಯಲಿಲ್ಲ. "ನಿಮ್ಮಕ್ಕನಿಗೆ ಆ ಭಾಷೆ ಬರುತ್ತಲ್ಲ, ನಾನು ಹೇಳಿದ್ದನ್ನ ಈಗ ಬರೆದು ಕಳಿಸ್ಲಿ. ಅವರದೇ ಹೆಸರು ಹಾಕಿ" ಎಂದಳು.

ತಮ್ಮ


ಜೂನ್ 28

ತಮ್ಮನಿಗೆ,

ಬರೆದೆ. ಅವಳು ವೇದಿಕೆಯ ಮೇಲೆ ಆಡಿದ ಮಾತು ನನಗೆ ಒಂದೂ ಮರೆತಿಲ್ಲ, ಮರೆಯುವುದೂ ಇಲ್ಲ. ಎಲ್ಲ ನಿಯೋಗಗಳಿಗೂ, ಉತ್ಸವ ಸಮಿತಿಗೂ, ಇಲ್ಲಿನ ಪತ್ರಿಕೆಗಳಿಗೂ ಕಳಿಸಿದೆ. ಆ ಸುಳ್ಳು ಹಾಳೆ ಓದಿದ್ದು ನಾನೇ, ಓದಿಸಿದವರು ಇಂಥವರು ಎಂದು ಹೆಸರು ಹಾಕಿಯೇ ಬರೆದೆ. ಒಂದು ಪತ್ರಿಕೆ ಮಾತ್ರ ಒಳಪುಟದ ಮೂಲೆಯಲ್ಲಿ ಅಚ್ಚು ಮಾಡಿತು. ಮಾರನೆಯ ದಿನ ಕಚೇರಿಯಲ್ಲಿ ನನ್ನ ಮೇಜಿನ ಮೇಲಿದ್ದದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಬಾಗಿಲ ಹೊರಗೆ ಇಟ್ಟಿದ್ದರು. ಅಧ್ಯಕ್ಷರು ಎದುರಾದರು. ಬೈಯುತ್ತಾರೆ ಅಂದುಕೊಂಡೆ. "ಮದುವೆ ಮನೆ ಗಡಿಬಿಡೀಲಿ ಇಂಥದ್ದೆಲ್ಲ ಬೇಕಿತ್ತೇನಮ್ಮಾ?" ಎಂದರು, ಸೊಳ್ಳೆ ಕಡಿದವರ ಹಾಗೆ.

ಈಗ ಒಂದು ಔಷಧಿ ಕಂಪನಿಗೆ ಸೂಚನಾಪತ್ರಗಳ ಅನುವಾದ ಮಾಡುತ್ತೇನೆ. ಊಟಕ್ಕೆ ಮೊದಲು, ಊಟದ ನಂತರ. ಒಂದು ಪದ ಆಚೀಚೆ ಆದರೂ ಇಲ್ಲಿ ತಿರುಗಿ ಕೇಳುತ್ತಾರೆ.

ಉತ್ಸವ ಸಮಿತಿಯ ಉತ್ತರ ನಿನ್ನೆ ಬಂತು. ಅದರ ಅನುವಾದ ಇದು, ಏನನ್ನೂ ಬಿಟ್ಟಿಲ್ಲ:

"ನಿಮ್ಮ ಹೃತ್ಪೂರ್ವಕ ಪತ್ರಕ್ಕೆ ವಂದನೆಗಳು. ನಿಮ್ಮ ದೇಶದ ಸಹೋದರಿಯ ಭಾಷಣ ಎಲ್ಲರಿಗೂ ಬಹಳ ಮೆಚ್ಚುಗೆಯಾಗಿದೆ. ಮುಂದಿನ ಮಾರ್ಚ್ ತಿಂಗಳ ಉತ್ಸವಕ್ಕೂ ಅವರನ್ನೇ ಕಳುಹಿಸಬೇಕೆಂದು ಕೋರುತ್ತೇವೆ. ಈ ಬಾರಿ ದೊಡ್ಡ ಪರದೆಯ ವ್ಯವಸ್ಥೆ ಇರುವುದರಿಂದ ಅವರ ಕೈ ಹಿಂದಿನ ಸಾಲಿನವರಿಗೂ ಕಾಣುತ್ತದೆ."

ಅವಳಿಗೆ ಇದನ್ನು ತೋರಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಅಕ್ಕ


ಜುಲೈ 9

ಅಕ್ಕಾ,

ನಿನ್ನ ಕಚೇರಿ ಕೆಲಸ ಹೋದದ್ದನ್ನು ಅಮ್ಮನಿಗೆ ಹೇಳಿದೆ, ಯಾಕೆಂದೂ ಹೇಳಿದೆ. "ಊರಿಗೆ ಬಂದು ನಾಲ್ಕು ದಿನ ಇದ್ದು ಹೋಗು ಅಂತ ಬರಿ" ಎಂದಳು. ನಾನೂ ಅದನ್ನೇ ಬರೆಯುತ್ತಿದ್ದೇನೆ. ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ ಎಂದರೆ ಸುಳ್ಳಾಗುತ್ತದೆ. ಆದರೂ ಬಾ.

ಮಿಲ್ಲು ತೆರೆಯಿತು. ನೇಯುವವರಿಗೆ ನೂಲು ಸಿಗದೆ ಅವರೂ ಬಂದು ಧಣಿಯ ಮೇಲೆ ಕೂಗಾಡಿದರು. ಗೋದಾಮಿನಲ್ಲಿ ಹತ್ತಿ ಮುಗ್ಗಲು ಹಿಡಿಯತೊಡಗಿತು. ಕೊನೆಗೆ ಮುಚ್ಚಳ ಹಾಕಿಸಲು ಒಪ್ಪಿದ, ಮೆಣಸನ್ನು ಮಾತ್ರ ಸೇರಿಸುವುದಿಲ್ಲ ಎಂದ. ಹೆಂಗಸರು ಗೇಟಿನವರೆಗೆ ಹೋಗಿ ಅಲ್ಲೇ ನಿಂತುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅವಳನ್ನೂ ಒಳಗೆ ಬಿಟ್ಟರು. ಈಗ ನೂಲು ವಿಂಗಡಿಸುವ ಕಡೆ ಇದ್ದಾಳೆ.

ಸುದ್ದಿ ಇನ್ನೊಂದಿದೆ. ನಿಮ್ಮ ಅಧ್ಯಕ್ಷರು ಹೋದ ವಾರ ಇಲ್ಲಿಗೆ ಬಂದು, ಬೀಗರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಯಂತ್ರದ ಮುಚ್ಚಳಗಳಿಗೆ ರಿಬ್ಬನ್ ಕಟ್ಟಿಸಿ ಕತ್ತರಿಸಿದರು. ಒಕ್ಕೂಟ ಅಂತರರಾಷ್ಟ್ರೀಯ ವೇದಿಕೆಯಲ್ಲಿ ನಡೆಸಿದ ಹೋರಾಟದ ಫಲ ಇದು ಎಂದು ಭಾಷಣ ಮಾಡಿದರು. ಆ ಸಮಾರಂಭದ ಬೋರ್ಡು ಬರೆಯಲು ನನ್ನನ್ನೇ ಕರೆದಿದ್ದರು. ಹೋಗಲಿಲ್ಲ. ಶಾಖೆಗೆ ರಾಜೀನಾಮೆ ಕೊಟ್ಟೆ.

ಉತ್ಸವದವರ ಕಾಗದವನ್ನು ಮೆಣಸಿಗೆ ಓದಿ ಹೇಳಿದೆ. ಇನ್ನು ಅವಳಿಂದ ಏನನ್ನೂ ಮುಚ್ಚಿಡಬಾರದೆಂದು ತೀರ್ಮಾನ ಮಾಡಿದ್ದೇನೆ. ದೊಡ್ಡ ಪರದೆಯ ಮಾತು ಬಂದಾಗ ಅವಳು ಮುಖ ತಿರುಗಿಸಿ ಪಕ್ಕದ ಚರಂಡಿಗೆ ಉಗಿದು ಬಂದಳು.

"ಯಾವಾಗಂತೆ?" ಎಂದು ಕೇಳಿದಳು.

"ಬರೋ ವರ್ಷ ಮಾರ್ಚಲ್ಲಿ."

"ನಿಮ್ಮಕ್ಕನಿಗೆ ಬರೀರಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಅವರ ಭಾಷೇಲಿ ಕಳಿಸ್ಲಿ. ಒಂದಕ್ಷರ ಹೆಚ್ಚು ಕಮ್ಮಿ ಬೇಡ."

"ಏನಂತ ಬರೀಲಿ?"

"ಆವತ್ತು ನಂಗೆ ಪಾಳಿ ಇದೆ ಅಂತ."

ತಮ್ಮ